ಸೈಕಲ್ ಟ್ಯೂಬು ಸುತ್ತಿದ ಕಾರಿನಲ್ಲಿ ಬಾವಿಯ ನೀರು

"ಇದು ಮೂಡಿಗೆರೆ ಮುಟ್ಟುತ್ತದೆ ಅನ್ನುವುದಕ್ಕೆ ಆಧಾರ ಏನು ಮಾವ?"

ಮಾವ ಬಾನೆಟ್ಟಿನೊಳಗಿಂದ ತಲೆ ಎತ್ತಲಿಲ್ಲ. ರೇಡಿಯೇಟರಿನ ಮೇಲಿನ ಪೈಪು ಬಿರುಕು ಬಿಟ್ಟಿತ್ತು. ಹಳೆಯ ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಸೀಳಿ, ಎಳೆದೆಳೆದು ಬಿರುಕಿನ ಮೇಲೆ ಸುತ್ತುತ್ತಿದ್ದರು.

"ಆಧಾರ ನಾನೇ. ಗಲ್ಫಿನಲ್ಲಿ ಇದನ್ನೇ ಸುತ್ತಿ ಮರಳುಗಾಡು ದಾಟಿದ್ದೇನೆ."

"ಅಲ್ಲಿ ಘಾಟಿ ಇತ್ತಾ?"

"ನಿನ್ನ ಬಾಯಿಗೂ ಒಂದು ಸುತ್ತು ಉಳಿದುಂಟು ಮಾರಾಯ್ತಿ. ಬಿಗಿಯಲಿಕ್ಕೆ ಆ ಸರಿಗೆ ತಂತಿ ಕೊಡು."

ಬೇರೆ ದಾರಿ ಇರಲಿಲ್ಲ, ಅದು ನನಗೂ ಗೊತ್ತಿತ್ತು. ಭಾನುವಾರ, ಅದರಲ್ಲೂ ಮದುವೆಗಳ ದಿನ. ವೇಣೂರಿನ ಗ್ಯಾರೇಜು ಬಾಗಿಲು ಹಾಕಿತ್ತು, ಬಾಡಿಗೆ ಕಾರುಗಳೆಲ್ಲ ದಿಬ್ಬಣಕ್ಕೆ ಹೋಗಿದ್ದವು. ಘಟ್ಟದ ಮೇಲೆ, ಮೂಡಿಗೆರೆಯ ಹತ್ತಿರ, ಅಮ್ಮನಿಗೂ ಮಾವನಿಗೂ ಅಕ್ಕ, ನನ್ನ ದೊಡ್ಡಮ್ಮ, ಮಲಗಿದ್ದರು. ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಡಾಕ್ಟರು ಕಳಿಸಿಬಿಟ್ಟಿದ್ದರು. ಬೆಳಿಗ್ಗೆ ಫೋನಿನಲ್ಲಿ ದೊಡ್ಡಮ್ಮ ಕೇಳಿದ್ದು ಒಂದೇ: ನಮ್ಮ ಬಾವಿಯ ನೀರು. ನಮ್ಮಲ್ಲಿ ಹೋಗುವ ಜೀವದ ಬಾಯಿಗೆ ನೀರು ಬಿಡುತ್ತಾರೆ. ದೊಡ್ಡಮ್ಮನಿಗೆ ಅದು ಹುಟ್ಟಿದ ಮನೆಯದೇ ಆಗಬೇಕಿತ್ತು.

ಅಮ್ಮ ಸ್ನಾನ ಮಾಡಿ ಬಂದು, ನೀರು ಸೇದಿ, ಸ್ಟೀಲಿನ ಬಾಟ್ಲಿಗೆ ತುಂಬಿ, ತುಳಸಿಯ ಕುಡಿ ಹಾಕಿದರು. ದಾರಿಯಲ್ಲಿ ರೇಡಿಯೇಟರಿಗೆ ಬೇಕಾಗಬಹುದೆಂದು ಎರಡು ಕ್ಯಾನು ತುಂಬಿಸಿದ್ದು ನಾನು. ಅದೇ ಬಾವಿ, ಅದೇ ಕೊಡಪಾನ.

"ಹಾಗಾದರೆ ಕ್ಯಾನಿನದ್ದೂ ದೊಡ್ಡಮ್ಮನಿಗೆ ಆಗ್ತದಲ್ಲ?" ಎಂದೆ.

"ಅದು ಕಾರಿಗೆ ಸೇದಿದ್ದು. ಇದು ಅಕ್ಕನಿಗೆ."

ನಾನು ಹೋಗುವ ಚರ್ಚಾಸ್ಪರ್ಧೆಗಳಲ್ಲಿ ಈ ಮಾತಿಗೆ ಅರ್ಧ ಅಂಕವೂ ಸಿಗುವುದಿಲ್ಲ. ಆದರೆ ಅಮ್ಮ ಬಾಟ್ಲಿಯನ್ನು ಮಡಿಲಲ್ಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತಾಗಿತ್ತು.

ಸುತ್ತಿದ ಟ್ಯೂಬಿನ ಮೇಲೆ ಒತ್ತಡ ಬೀಳಬಾರದೆಂದು ಮಾವ ರೇಡಿಯೇಟರಿನ ಮುಚ್ಚಳವನ್ನು ಪೂರ್ತಿ ಬಿಗಿಯಲಿಲ್ಲ. ಎಂಜಿನ್ನಿನ ಬಿಸಿ ಹೊರಗೆ ಹೋಗಲೆಂದು ಬೇಸಗೆಯ ಬಿಸಿಲಲ್ಲಿ ಕಾರಿನ ಹೀಟರು ಹಾಕಿದರು. ಬೆಳ್ತಂಗಡಿ ದಾಟುವಾಗ ಮೂವರೂ ಬೆವರಿನಲ್ಲಿ ತೊಯ್ದಿದ್ದೆವು.

"ಮುಚ್ಚಳ ಸಡಿಲ ಇದ್ದರೆ ನೀರು ಬೇಗ ಕುದಿಯುತ್ತದೆ ಮಾವ. ನೀವು ಒಂದು ತೊಂದರೆ ತೆಗೆದು ಇನ್ನೊಂದನ್ನು ಕೂರಿಸಿದ್ದೀರಿ."

"ನೀನು ಗೆದ್ದೆ. ಈಗ ಇಳಿದು ನಡೆಯುವುದಾ, ಕೂತುಕೊಳ್ಳುವುದಾ?"

ಚಾರ್ಮಾಡಿಯಲ್ಲಿ ಘಾಟಿ ಹತ್ತುವ ಮೊದಲೇ ಒಂದು ಕ್ಯಾನು ಮುಗಿಯಿತು. ನಾಲ್ಕಾರು ತಿರುವು ಕಳೆಯುವಷ್ಟರಲ್ಲಿ ಇನ್ನೊಂದೂ ಮುಗಿಯಿತು. ಆಮೇಲೆ ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ಟ್ಯೂಬಿನ ಒಂದು ಸುತ್ತು ಬಿಚ್ಚಿ ನೇತಾಡುತ್ತಿತ್ತು. ನಾನು ಹೇಳಿದ್ದೇ ಆಗಿತ್ತು, ಅದರಿಂದ ಯಾರಿಗೂ ಮೂರು ಕಾಸಿನ ಉಪಯೋಗವಿರಲಿಲ್ಲ. ಮಳೆಗಾಲದಲ್ಲಿ ಹೆಜ್ಜೆಗೊಂದು ಝರಿ ಬೀಳುವ ಆ ಬಂಡೆಗಳು ಒಣಗಿ ಕಪ್ಪಾಗಿದ್ದವು. ಹೋಗುವ ಗಾಡಿಗಳಿಗೆ ಕೈ ಅಡ್ಡ ಹಿಡಿದೆ. ಆ ತಿರುವಿನಲ್ಲಿ ಯಾರೂ ನಿಲ್ಲಿಸಲಿಲ್ಲ.

ಎಂಜಿನ್ನು ತಣಿದ ಮೇಲೆ ಮಾವ ಟ್ಯೂಬನ್ನು ಮತ್ತೆ ಸುತ್ತಿ ಸರಿಗೆ ಬಿಗಿದರು. ಇನ್ನು ಒಳಗೆ ನೀರು ಬೇಕಿತ್ತು. ಆಮೇಲೆ ಅವರು ಬಾಟ್ಲಿಯನ್ನು ನೋಡಲಿಲ್ಲ, ನಾನೂ ನೋಡಲಿಲ್ಲ. ಮೂವರ ಕಣ್ಣೂ ಬೇರೆ ಬೇರೆ ಕಡೆ ಇತ್ತು. ನೀರು ನೀರೇ, ತಲುಪುವುದು ಮುಖ್ಯ, ಎಂಬ ವಾದ ನನ್ನಲ್ಲಿ ಸಿದ್ಧವಾಗಿತ್ತು. ಖಾಲಿ ಕ್ಯಾನುಗಳ ಮುಚ್ಚಳ ತಿರುಗಿಸುತ್ತ ನಿಂತೆ.

ಅಮ್ಮನೇ ಇಳಿದು ಬಂದರು. ತುಳಸಿಯ ಕುಡಿಯನ್ನು ಬೆರಳಲ್ಲಿ ತೆಗೆದು, ಸೆರಗಿನ ತುದಿಗೆ ಕಟ್ಟಿ, ಬಾಟ್ಲಿಯನ್ನು ತಮ್ಮನ ಕೈಗೆ ಕೊಟ್ಟರು.

"ಅಡಿಯಲ್ಲಿ ಒಂದು ಗುಟುಕು ಉಳಿಸು."

ಮಾವ ಎಣ್ಣೆ ಅಳೆಯುವವರ ಹಾಗೆ ರೇಡಿಯೇಟರಿಗೆ ಸುರಿದರು. ಒಂದು ಗುಟುಕು ಉಳಿಯಿತು.

ಕೊಟ್ಟಿಗೆಹಾರದ ಹೋಟೆಲಿನ ಹತ್ತಿರ ನೀರಿನ ನಳ್ಳಿ ಸಿಕ್ಕಿತು. ನಾನು ಕ್ಯಾನುಗಳನ್ನು ತುಂಬಿಸುತ್ತಿದ್ದಾಗ ಅಮ್ಮ ಬಾಟ್ಲಿ ಹಿಡಿದು ಪಕ್ಕಕ್ಕೆ ಬಂದು ನಿಂತರು. ತವರಿನಿಂದ ಅಕ್ಕನಿಗೆ ಬರಿ ತಳದ ನೀರು ಕೊಂಡುಹೋಗುವುದು ಅವರಿಂದಾಗಲಿಲ್ಲ. ನಳ್ಳಿಯ ನೀರು ಬಾಟ್ಲಿಯ ಕುತ್ತಿಗೆಯವರೆಗೆ ಬಂತು. ತುಳಸಿ ಮತ್ತೆ ಒಳಗೆ ಹೋಯಿತು. ಏನೂ ಕೇಳಬೇಡ ಎನ್ನುವ ಹಾಗೆ ನನ್ನನ್ನು ನೋಡಿದರು.

ನಾವು ಮುಟ್ಟಿದಾಗ ದೊಡ್ಡಮ್ಮ ಎಚ್ಚರವಾಗಿದ್ದರು. ಅಮ್ಮ ಚಮಚದಲ್ಲಿ ನೀರು ಬಿಟ್ಟಾಗ ಅದನ್ನು ಬಾಯಿಯೊಳಗೆ ತುಸು ಹೊತ್ತು ಇಟ್ಟುಕೊಂಡು ನುಂಗಿದರು.

"ನಮ್ಮ ಬಾವಿದಾ ಇದು?"

ಅಮ್ಮನ ಚಮಚ ನಿಂತಿತು. ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ. ಮಾವ ಬಾಗಿಲಲ್ಲಿ, ಮಸಿಯಾದ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು ನಿಂತಿದ್ದರು. ದೊಡ್ಡಮ್ಮ ನನ್ನ ಕಡೆ ತಿರುಗಿದರು.

"ನೀನು ಹೇಳು. ನೀನು ಯಾರನ್ನೂ ಸುಮ್ಮನೆ ಬಿಡುವವಳಲ್ಲ."

ಬಾವಿಯದು ಒಂದು ಗುಟುಕು ಇತ್ತು. ಇಲ್ಲವೆಂದು ಯಾರಾದರೂ ವಾದಿಸಿದರೆ ನಾನು ಇವತ್ತಿಗೂ ಎದುರು ನಿಲ್ಲಬಲ್ಲೆ. ಆದರೆ ಅವರು ಕೇಳಿದ್ದು ಅದಲ್ಲ ಎಂದು ನನಗೆ ಗೊತ್ತಿತ್ತು.

"ಹೌದು ದೊಡ್ಡಮ್ಮ. ನಮ್ಮದೇ."

ಅವರು ಮತ್ತೆ ಬಾಯಿ ತೆರೆದರು. ಅಮ್ಮ ಬಾಟ್ಲಿ, ಚಮಚ ಎರಡನ್ನೂ ನನ್ನ ಕೈಗೆ ಕೊಟ್ಟರು, ಮುಂದಿನ ಚಮಚ ನಾನು ಬಿಟ್ಟೆ.