ಕಡಿಯದ ನೊಣ

ಆ ನೊಣ ಕಡಿಯುವುದೆಂದು ನನಗೆ ಗೊತ್ತಿತ್ತು. ಫೋಟೋ ನೋಡಿದ ಕೂಡಲೇ ಗೊತ್ತಾಗಿತ್ತು. ಆದರೂ ಕಡಿಯುವುದಿಲ್ಲ ಎಂದು ಹೇಳಿದೆ — ಅದೂ ಮಾಳಪ್ಪನಿಗೆ, ನನ್ನ ಮಾತೇ ಕೊನೆ ಎಂದು ನಂಬಿದವನಿಗೆ.

ನಾನು ಜೀವಶಾಸ್ತ್ರ ಕಲಿಸುವ ಮಾಸ್ತರ. ಉಗಾರ ಬುದ್ರುಕದಲ್ಲಿ, ಹೊಳೆದಂಡೆಗೆ, ನನ್ನದೊಂದು ತುಂಡು ಹೊಲವಿದೆ. ಕಬ್ಬು ನೆಡುವ ಮುಂಚೆ ಹೊಲದಲ್ಲಿ ಕುರಿ ಕೂಡ್ರಿಸುವುದು ನಮ್ಮ ಕಡೆಯ ರೂಢಿ. ಹಿಂಡು ಸಂಜೆಗೆ ಬಂದು, ದಿನಕ್ಕೊಂದು ಜಾಗ ಬದಲಿಸುತ್ತ, ಅಲ್ಲೇ ತಂಗುತ್ತದೆ; ಹಿಕ್ಕೆ, ಗಂಜಲ ನೆಲಕ್ಕೆ ಇಳಿದು ಗೊಬ್ಬರವಾಗುತ್ತದೆ. ಐಗಳಿಯ ಮಾಳಪ್ಪ ವರ್ಷಾವರ್ಷ ಕುರಿ ತರುತ್ತಿದ್ದ. ಹೋದ ವರ್ಷ ಬಂದಾಗ ಹೊಳೆ ಆಗಷ್ಟೇ ಇಳಿದಿತ್ತು, ತಗ್ಗಿನಲ್ಲೆಲ್ಲ ಕೆಸರು. ಅರ್ಧ ಹೊಲ ಮುಗಿಯುವಷ್ಟರಲ್ಲಿ ಕುರಿಗಳು ಹೊತ್ತು ಮುಳುಗುತ್ತಲೇ ತಲೆ ಕೊಡವಿ, ಕಾಲು ಝಾಡಿಸತೊಡಗಿದವು. ಕುರಿಯ ಕಿವಿಯ ಮೇಲೆ ಕುಳಿತ ಸಣ್ಣ ನೊಣದ ಫೋಟೋ ಕಳಿಸಿ, ಹಿಂದೆಯೇ ಫೋನ್ ಮಾಡಿದ.

"ಮಾಸ್ತರ್ರ, ಎಳ್ಳಿನಷ್ಟ ಐತ್ರಿ ಇದು. ಕಡಿಯೂ ಜಾತಿ ಇದ್ರ ಹೇಳ್ರಿ, ಕುರಿ ಹೊಡಕೊಂಡ ನಮ್ಮೂರ ಕಡೆ ಒಣಾ ನೆಲಕ್ಕ ಹೋಗಿಬಿಡ್ತೀನಿ."

ಚಿತ್ರ ದೊಡ್ಡದು ಮಾಡಿ ನೋಡಿದೆ. ಇಂಥ ನೊಣಗಳಲ್ಲಿ ಎರಡು ಕುಟುಂಬಗಳಿವೆ, ನೋಡಲು ಅಣ್ಣತಮ್ಮಂದಿರ ಹಾಗೆ. ಕಡಿಯದ್ದು ರೆಕ್ಕೆಗಳನ್ನು ಮೈಯ ಎರಡೂ ಬದಿಗೆ ಇಳಿಬಿಟ್ಟು ಕೂರುತ್ತದೆ. ರಕ್ತ ಹೀರುವುದು ಒಂದರ ಮೇಲೊಂದು ಮಡಚಿ ಬೆನ್ನಿಗೆ ಅಂಟಿಸಿಕೊಳ್ಳುತ್ತದೆ. ಚಿತ್ರದಲ್ಲಿ ರೆಕ್ಕೆ ಮಡಚಿತ್ತು. ಅದರ ಮೇಲಿನ ಚುಕ್ಕೆಗಳೂ ಕಾಣುತ್ತಿದ್ದವು. ನೀಲಿನಾಲಿಗೆ ಬೇನೆಯನ್ನು ಕುರಿಯಿಂದ ಕುರಿಗೆ ಹೊತ್ತೊಯ್ಯುವುದು ಈ ಕುಟುಂಬವೇ — ಮಕ್ಕಳಿಗೆ ಪಾಠ ಹೇಳುವವನೇ ನಾನು, ನನಗೆ ಗೊತ್ತಿರಲಿಲ್ಲ ಎಂದರೆ...

ಆದರೆ ಹೊಲ ಇನ್ನೂ ಅರ್ಧ ಉಳಿದಿತ್ತು.

"ಕಡಿಯೂ ಜಾತಿ ಅಲ್ಲೋ ಮಾಳಪ್ಪಾ, ಆರಾಮ ಇರು," ಎಂದೆ.

ಅವನು ಆರಾಮ ಇದ್ದ. ಹೊಲ ಪೂರ್ತಿಯಾಯಿತು. ಹೊರಟು ಅಥಣಿ ದಾಟುವ ಮೊದಲೇ ಕುರಿಗಳ ಬಾಯಿ ಬಾತು ನೊರೆ ಸುರಿಯಿತು, ಮೇವು ಬಿಟ್ಟವು. ಒಂದೊಂದಾಗಿ ಬಿದ್ದವು. ಅವನ ಹೆಂಡತಿ ಬಾಟಲಿ ಹಾಲು ಕುಡಿಸಿ ಬೆಳೆಸಿದ್ದ ಗಂಗಿ ಎಂಬ ಕುರಿಯೂ ಹೋಯಿತು. ಫೋನಿನಲ್ಲಿ ಅತ್ತ.

"ಎಲ್ಲಿಂದ ಹತ್ತಿತೋ ಏನೋ ಈ ಬ್ಯಾನಿ. ನಿಮ್ಮ ಹೊಲದಾಗ ಇರೂತನಕಾ ಛಲೋ ಇದ್ದುವ್ರಿ."

ನಾನು "ಅಯ್ಯೋ" ಎಂದೆ. ಅಷ್ಟೇ ಎಂದೆ. ಬೇನೆ ಬೇರೆ ಎಲ್ಲಿಂದಲೋ ಬಂದಿರಬಹುದು ಎಂದು ಎಷ್ಟೋ ಸಲ ಸಮಾಧಾನ ಮಾಡಿಕೊಂಡೆ — ಮನಸ್ಸು ಒಪ್ಪಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ದನದ ಮೇಲೆ ತಪ್ಪು ಯಾಕೆ ಹಾಕಬೇಕು?

ಈ ವರ್ಷ ನನ್ನ ಕಬ್ಬು ಆಳೆತ್ತರ ದಾಟಿದೆ. ಹಾದಿಯಲ್ಲಿ ಹೋಗುವವರು ನಿಂತು, "ಏನ್ ಗೊಬ್ಬರಾ ಹಾಕೀರಿ ಮಾಸ್ತರ್ರ?" ಎಂದು ಕೇಳುತ್ತಾರೆ. ನನಗೆ ಆ ಹೊಲದ ಕಡೆ ಹೋಗುವುದೇ ಬೇಡವಾಗಿದೆ.

ಇವತ್ತು ಬೆಳಿಗ್ಗೆ ಮಾಳಪ್ಪನಿಂದ ಮತ್ತೊಂದು ಫೋಟೋ ಬಂತು. ಅಳಿದುಳಿದ ಕುರಿಗಳನ್ನು ಯಾರದೋ ಹೊಲದಲ್ಲಿ ಕೂಡ್ರಿಸಿದ್ದಾನೆ. ಮಡಚಿದ ರೆಕ್ಕೆ, ಅವೇ ಚುಕ್ಕೆಗಳು. ತಕ್ಷಣ ಫೋನ್ ಮಾಡಿದೆ.

"ಕಡಿತೈತಿ, ಮಾಳಪ್ಪಾ. ಈಗಿಂದೀಗ ಕುರಿ ಹೊಡಕೊಂಡ ಹೋಗು."

"ಪುಣ್ಯಾ ಕಟ್ಟಿಕೊಂಡ್ರಿ ಮಾಸ್ತರ್ರ," ಎಂದ.

ಆ ಮಾತನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ.

"ಹ್ವಾದ ವರ್ಷದ್ದೂ ಇದ ನೊಣ," ಎಂದೆ.

ಅವನು ಮೆಲ್ಲಗೆ ಕೇಳಿದ.

"ಆವಾಗ ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು," ಎಂದೆ.