ಸೊಣ್ಣಮ್ಮನ ಸೊಳ್ಳೆ ಪರದೆ

ಕುಂದಾಣದ ಹತ್ತಿರದ ಆ ಊರಿನಲ್ಲಿ ಸೊಣ್ಣಮ್ಮನನ್ನು ನೋಡಲು ಹೋದವರು ಮೊದಲು ರೇಷ್ಮೆ ಸಾಕುವ ಹುಳುಮನೆಯ ಬಾಗಿಲಲ್ಲಿ ನಿಲ್ಲಬೇಕು. ಮೈಗೆ ಸೆಂಟು, ಬಾಯಲ್ಲಿ ಬೀಡಿ ಇದ್ದವರಿಗೆ ಒಳಗೆ ಜಾಗವಿಲ್ಲ. ಸೊಸೆ ಆಶಾರಾಣಿ ಮದುವೆಯಾಗಿ ಬಂದ ಹೊಸದರಲ್ಲಿ, ಮುಡಿದ ಮಲ್ಲಿಗೆ ತೆಗೆದಿಟ್ಟು ಬಾ ಎಂದು ಅವಳನ್ನೂ ಹೊಸಿಲಿಂದಾಚೆ ಕಳಿಸಿದ್ದಳು. ರೇಷ್ಮೆಹುಳು ಹಸಿ ಬಾಣಂತಿಗಿಂತ ಸೂಕ್ಷ್ಮ ಎನ್ನುವುದು ಸೊಣ್ಣಮ್ಮನ ಮಾತು.

ಎಂಬತ್ತು ದಾಟಿದ ಮೇಲೂ ಸೊಣ್ಣಮ್ಮ ನಾಲ್ಕಾರು ತಟ್ಟೆ ಹುಳು ಸಾಕುತ್ತಿದ್ದಳು. ಹುಳುಗಳು ಕೊನೆಯ ಸಲ ಪೊರೆ ಬಿಟ್ಟು ಎದ್ದು, ಹೊತ್ತುಗೊತ್ತಿಲ್ಲದೆ ಸೊಪ್ಪು ತಿನ್ನುವ ದಿನಗಳಲ್ಲಿ ಮಂಚವನ್ನೂ ಅಲ್ಲೇ ಹಾಕಿಸಿಕೊಳ್ಳುವಳು. ಆ ಸದ್ದು ಕಿವಿಗೆ ಬಿದ್ದರೇನೇ ಅವಳಿಗೆ ನಿದ್ದೆ.

ಈ ಸಲದ ಹುಳುವಿನ ಬೆಳೆ ನಡೆದಿರುವಾಗಲೇ ಅವಳ ಹೃದಯದ ಕವಾಟ ಗಡುಸಾಗಿದೆ ಎಂದು ಬೆಂಗಳೂರಿನ ಡಾಕ್ಟರು ಹೇಳಿದ್ದರು. ಎದೆ ತೆರೆದು ಬದಲಿಸಿದರೆ ಇನ್ನಷ್ಟು ವರ್ಷ ಬಾಳಬಹುದು. ಆದರೆ ಈ ವಯಸ್ಸಿಗೆ ತಿಂಗಳುಗಟ್ಟಲೆ ಹಾಸಿಗೆ ಹಿಡಿಯಬೇಕಾಗುತ್ತದೆ, ಆಮೇಲೂ ಹುಳುವಿನ ಕೆಲಸ ಆಗಲಾರದು. ಬಿಟ್ಟರೆ ವರ್ಷವೋ ಎರಡು ವರ್ಷವೋ, ಹೇಳಲಾಗದು. ತೀರ್ಮಾನ ನಿಮ್ಮದು ಎಂದಿದ್ದರು. ಏರ್‌ಪೋರ್ಟಿನ ಕಾರ್ಗೋದಲ್ಲಿ ಪಾಳಿ ಕೆಲಸ ಮಾಡುವ ಮಗ ಉಮಾಶಂಕರ ಅಲ್ಲೇ ತೀರ್ಮಾನಿಸಿ, ಸೋಮವಾರ ಸೇರಿಸುವುದೆಂದು ಹೇಳಿ ಬಂದಿದ್ದ. ಸೊಣ್ಣಮ್ಮ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

ಆಗ ಊರಲ್ಲಿ ಡೆಂಗಿ. ಸೊಳ್ಳೆ ಕಚ್ಚಿ ಅಮ್ಮನಿಗೆ ಜ್ವರ ಬಂದರೆ ಆಪರೇಷನ್ನು ನಿಂತುಹೋದೀತು ಎಂಬ ಭಯಕ್ಕೆ ಉಮಾಶಂಕರ, ಒಂದು ಸಂಜೆ ಅವಳು ಸೊಪ್ಪಿಗೆ ಹೋಗಿದ್ದಾಗ, ಮಂಚದ ಪಕ್ಕದ ಪ್ಲಗ್ಗಿಗೆ ಸೊಳ್ಳೆ ಔಷಧಿ ಸಿಕ್ಕಿಸಿ ಕಿಟಕಿ ಮುಚ್ಚಿದ. ಹುಳುಮನೆಯಲ್ಲಿ ಸೊಳ್ಳೆಬತ್ತಿ ಹಚ್ಚಬಾರದೆಂದು ಚಿಕ್ಕಂದಿನಿಂದ ಬಲ್ಲವನೇ. ಇದಕ್ಕೆ ಹೊಗೆ ಇಲ್ಲವಲ್ಲ ಎಂದುಕೊಂಡ.

ಸೊಣ್ಣಮ್ಮ ಬರುವಷ್ಟರಲ್ಲಿ ಮಂಚದ ಬದಿಯ ತಟ್ಟೆಗಳಲ್ಲಿ ಸೊಪ್ಪು ಹಾಗೇ ಉಳಿದಿತ್ತು. ಹುಳುಗಳು ತಲೆಯೆತ್ತಿ ಅತ್ತಿತ್ತ ಆಡಿಸುತ್ತ ಹಸಿರು ರಸ ಕಾರುತ್ತಿದ್ದವು. ಅವಳು ಕೂಗಾಡಲಿಲ್ಲ. ಪ್ಲಗ್ಗು ಕಿತ್ತು, ಕಿಟಕಿ ತೆರೆದು, ಸೊಸೆಯ ಜೊತೆ ಉಳಿದ ತಟ್ಟೆಗಳನ್ನು ಜಗಲಿಗೆ ಸಾಗಿಸಿದಳು. ಏದುಸಿರು ಬಂದಾಗ ಕಂಬ ಹಿಡಿದು ನಿಂತು, ಮತ್ತೆ ನಡೆದಳು. ಮಗ ಬಾಗಿಲಾಚೆಯೇ ನಿಂತಿದ್ದ.

"ನಾನು ಬದುಕ್ಲಿ ಅಂತಾನೇ ಹಾಕ್ದೆ, ಗೊತ್ತು ಮಗ," ಎಂದಳು, ಸತ್ತ ಹುಳುಗಳನ್ನು ಆರಿಸುತ್ತ. "ಇಲ್ಲಿ ಮಿಕ್ಕಿದ್ದೆಲ್ಲ ಹೋಗಿ ನಾನೊಬ್ಬಳೇ ಉಳ್ಕೊಂಡು ಏನ್ ಮಾಡ್ಲಿ ಹೇಳು?"

"ಅಂದ್ರೆ ಸೋಮವಾರ ಬರಲ್ವಾ?"

"ಮಾತ್ರೆ ಕೊಡ್ಲಿ, ನುಂಗ್ತೀನಿ. ಕಾಲು ಊದಿದ್ರೆ ಕರ್ಕೊಂಡ್ಹೋಗು, ಬರ್ತೀನಿ. ಎದೆ ಕುಯ್ಯೋದು ಬೇಡ."

"ಇನ್ನೊಂದಷ್ಟು ವರ್ಷ ಇರ್ತೀಯ ಅಂತ ಆಸೆ ಕಣಮ್ಮ."

"ಇರೋಷ್ಟು ದಿನ ಇಲ್ಲೇ ಇರ್ತೀನಲ್ಲಪ್ಪ."

ಉಮಾಶಂಕರ ಹೊಲದ ಕಡೆ ಹೋದ. ಕತ್ತಲಾಗುವ ಮುಂಚೆ ಒಂದು ಹೊರೆ ಸೊಪ್ಪು ತಂದು ಜಗಲಿಯಲ್ಲಿ ಇಳಿಸಿದ.

ಮಾರನೆಯ ದಿನ ಪಕ್ಕದ ವಿಜಯಪುರದ ಪೇಟೆಯಿಂದ ಒಂದು ಸೊಳ್ಳೆ ಪರದೆ ತಂದ. ಔಷಧಿ ಸವರಿಲ್ಲ ತಾನೇ ಎಂದು ಅಂಗಡಿಯವನಿಗೆ ಬೇಸರ ಬರುವಷ್ಟು ಸಲ ಕೇಳಿದ್ದನಂತೆ. ಬರೀ ನೀರಲ್ಲಿ ಜಾಲಿಸಿ, ಬಿಸಿಲಿಗೆ ಹಾಕಿ, ಅಮ್ಮನ ಮಂಚಕ್ಕೆ ಕಟ್ಟಿದ. ಒಳಗೆ ಬಿಳಿಯ ಸೀರೆಯಲ್ಲಿ ಮುದುರಿ ಮಲಗಿದ ಸೊಣ್ಣಮ್ಮನನ್ನು ಕಂಡು, "ಎಲ್ಲಕ್ಕಿಂತ ಮೊದಲು ಅತ್ತೇನೇ ಗೂಡು ಕಟ್ಬಿಟ್ರು," ಎಂದಳು ಆಶಾರಾಣಿ. ಪರದೆಯೊಳಗಿಂದ ನಗು ಕೇಳಿಸಿತು.

ಸೋಮವಾರ ಹುಳುಗಳು ಹಣ್ಣಾಗಿ, ಗೂಡು ಕಟ್ಟಲು ಸಿದ್ಧವಾದವು. ಆಸ್ಪತ್ರೆಗೆಂದು ಹಾಕಿದ್ದ ರಜೆ ಉಮಾಶಂಕರನಿಗೆ ಇನ್ನೂ ಇತ್ತು. ಸೋಪಿಲ್ಲದೆ ಸ್ನಾನ ಮಾಡಿ ಬಂದು, ಬಂಗಾರದ ಬಣ್ಣಕ್ಕೆ ತಿರುಗಿದ ಹುಳುಗಳನ್ನು ಒಂದೊಂದಾಗಿ ಆರಿಸಿ, ಅಮ್ಮನ ಜೊತೆ ಚಂದ್ರಿಕೆಗೆ ಬಿಡತೊಡಗಿದ. ಬಿದಿರಿನ ಆ ಸುತ್ತುಗಳಲ್ಲಿ ಒಂದು ಹುಳು ಆಗಲೇ ನೂಲು ಬಿಡುತ್ತಿತ್ತು.

"ಡಾಕ್ಟ್ರಿಗೆ ಫೋನ್ ಮಾಡ್ದೇನೋ?" ಎಂದಳು ಸೊಣ್ಣಮ್ಮ. "ಪಾಪ, ದಾರಿ ನೋಡ್ತಿರ್ತಾರೆ. ಆಪರೇಷನ್ ಬೇಡ ಅಂತ ಹೇಳ್ಬಿಡು. ಗೂಡು ಬಿಡಿಸಿದ್ಮೇಲೆ ಮಾತ್ರೆಗೆ ಬರ್ತೀವಿ ಅಂತ್ಲೂ ಹೇಳು."

ಅವನು ಅಂಗೈಯಲ್ಲಿದ್ದ ಹುಳುಗಳನ್ನು ಅವಳ ಅಂಗೈಗೆ ಮೆಲ್ಲಗೆ ಇಳಿಸಿ, ಫೋನು ತೆಗೆದುಕೊಂಡು ಅಂಗಳಕ್ಕೆ ನಡೆದ.