ಒಂದು ಮನೆಗೆ ಒಂದೇ ಡಬ್ಬಿ

ಎಗ್ಮೋರಿನ ನಮ್ಮ ಆಫೀಸಿನ ಪಕ್ಕ ಒಂದು ಉಡುಪಿ ಹೋಟೆಲ್ ಇದೆ. ನಾಗರ ಪಂಚಮಿಗೆ ಅದರ ಯಜಮಾನರು ಊರಿಂದ ರೈಲಿನಲ್ಲಿ ಅರಿಶಿನ ಎಲೆ ತರಿಸಿ ಕಡುಬು ಮಾಡಿಸುತ್ತಾರೆ. ಎಲೆ ಬರುವುದೇ ಸ್ವಲ್ಪ. ಹಾಗಾಗಿ ಒಂದು ಮನೆಗೆ ಒಂದೇ ಡಬ್ಬಿ, ಎಂಥ ದೊಡ್ಡ ಮನುಷ್ಯನಾದರೂ ಅಷ್ಟೇ. ಚೆನ್ನೈ ಸೆಕೆಗೆ ಕಡುಬು ಸಂಜೆಯೊಳಗೆ ಹಳಸುತ್ತದೆ, ಮಧ್ಯಾಹ್ನಕ್ಕೆಲ್ಲ ಖರ್ಚಾಗಲೇಬೇಕು. ಕಳೆದ ವರ್ಷ ಅವರು ಸಾಫ್ಟ್‌ವೇರ್ ಕೆಲಸದ ನನ್ನನ್ನು ನಂಬಿ, ಫೋನ್ ಬಿಟ್ಟು, ಆರ್ಡರನ್ನೆಲ್ಲ ವೆಬ್‌ಸೈಟಿಗೇ ಒಪ್ಪಿಸಿದರು.

ಸೈಟಿನ ಹಿಂದೆ ಜಾವಾ ಭಾಷೆಯಲ್ಲಿ ಬರೆದ ಆರ್ಡರ್ ಪ್ರೋಗ್ರಾಮು, ಮುಂದೆ ವೆಬ್ ಸರ್ವರ್, ನಡುವೆ ನಾನು ಜೋಡಿಸಿದ ಪ್ರಾಕ್ಸಿ. ಗಿರಾಕಿ ಕೇಳಿದ್ದನ್ನು ಒಳಗೆ ಒಯ್ದು ಉತ್ತರ ಹೊರಗೆ ತರುವ ಸಪ್ಲೈಯರ್ ಕೆಲಸ ಅದರದು. ನಾನು ಮೈಸೂರಿನವಳಾದರೂ ಒಮ್ಮೆ ಆ ಕಡುಬಿನ ರುಚಿ ನೋಡಿದ ನಾಲಿಗೆ ಸುಮ್ಮನಿರುತ್ತದೆಯೇ? ಬೆಳಿಗ್ಗೆ ಸೈಟ್ ತೆರೆದ ಕೂಡಲೇ ಮೊದಲ ಡಬ್ಬಿ ನಾನೇ ಬುಕ್ ಮಾಡಿದೆ.

ಆಮೇಲೆ ಶುರುವಾಯಿತು ನೋಡಿ. ಯಾರು ಕೇಳಿದರೂ ‘ನಿಮ್ಮ ಮನೆಗೆ ಆಗಲೇ ಕೊಟ್ಟಾಗಿದೆ’ ಎಂಬ ಉತ್ತರ! ಗಲ್ಲಾದ ಫೋನು ಬಡಿದುಕೊಳ್ಳತೊಡಗಿತು. ಪಲ್ಲಾವರಂನ ಒಬ್ಬಾಕೆ, “ಯಾರ್ರೀ ತಗೊಂಡಿದ್ದು? ನಮ್ಮೆಜಮಾನ್ರಾ? ನಂಗ್ ಹೇಳ್ದೆ ತಿಂದ್ಬಿಟ್ರಾ?” ಎಂದು ಗಂಡನ ಮೇಲೆಯೇ ಕತ್ತಿ ಮಸೆದರು.

“ಎಂತ ಅವಸ್ಥೆ ಮಾರಾಯ್ರೆ! ಕಡುಬು ಒಲೆ ಮೇಲುಂಟು, ಒಬ್ಬರಿಗೂ ಸಿಗುದಿಲ್ಲ!” ಹೋಟೆಲಿನ ಯಜಮಾನರ ಮುಖ ಬಾಡಿತ್ತು. “ನಿಮ್ದೊಂದು ತೆಗೀರಿ, ಸರಿ ಆಗ್ತದಾ ನೋಡುವ.”

ನನ್ನ ಆರ್ಡರ್ ರದ್ದು ಮಾಡಿದೆ. ಇನ್ನೊಬ್ಬರ ಆರ್ಡರ್ ಒಳನುಗ್ಗಿತು, ಸೈಟಿನ ಬಾಗಿಲು ಮತ್ತೆ ಬಂದ್. ಆಗ ಹೊಳೆಯಿತು. ಪ್ರೋಗ್ರಾಮು ಮನೆಯನ್ನು ಗುರುತಿಸುತ್ತಿದ್ದುದು ಕಂಪ್ಯೂಟರಿನ ಇಂಟರ್‌ನೆಟ್ ವಿಳಾಸದಿಂದ. ಎಲ್ಲ ಆರ್ಡರೂ ಪ್ರಾಕ್ಸಿಯ ಕೈಯಿಂದಲೇ ಬರುವುದರಿಂದ ಅದಕ್ಕೆ ಕಾಣುವುದು ಪ್ರಾಕ್ಸಿಯ ವಿಳಾಸ ಮಾತ್ರ. ಅಡುಗೆಮನೆಗೆ ಸಪ್ಲೈಯರನ ಮುಖವಷ್ಟೇ ಕಂಡ ಹಾಗೆ. ಅಯ್ಯೋ ರಾಮ, ಇಡೀ ಚೆನ್ನೈ ಅದಕ್ಕೆ ಒಂದೇ ಮನೆ!

ಗಿರಾಕಿಯ ವಿಳಾಸವನ್ನೂ ಜೊತೆಗೆ ಕಳಿಸು ಎಂದು ಪ್ರಾಕ್ಸಿಗೆ, ಅದನ್ನೇ ನೋಡು ಎಂದು ಪ್ರೋಗ್ರಾಮಿಗೆ ಬರೆದು ಎರಡನ್ನೂ ಮತ್ತೆ ಶುರು ಮಾಡಿದೆ. ಆರ್ಡರ್‌ಗಳು ದಬದಬ ಬಿದ್ದವು. ಊಟದ ಹೊತ್ತಿಗೆ ಪಾತ್ರೆ ಖಾಲಿ. ಖುಷಿಗೆ ಕುಣಿಯುವಂತಾಗಿತ್ತು, ಹೊಟ್ಟೆ ಮಾತ್ರ ತಾಳ ಹಾಕುತ್ತಿತ್ತು.

“ನಂಗೊಂದು ಡಬ್ಬಿ ಉಳೀತಾ ಸರ್?” ಎಂದೆ, ಸಂಕೋಚದಿಂದ.

“ಡಬ್ಬಿ ಹೊರಗಿನವರಿಗೆ,” ಎಂದು ಯಜಮಾನರು, ಒಳಗೆ ತಮ್ಮ ಹೆಂಡತಿ ಮಕ್ಕಳು ಊಟಕ್ಕೆ ಕೂತಿದ್ದ ಕಡೆ ಕೈ ತೋರಿಸಿದರು. “ನೀವು ಬನ್ನಿ, ಬಾಳೆ ಎಲೆ ಹಾಕಿ ಆಯ್ತು.”